ಕೆಸರಿನೊಳಗಿನ ಸೂಜಿಗಲ್ಲು, ವಿದ್ಯುತ್ತಿನ ಹಗೇವು

ಕಾಲುವೆಯ ನೀರನ್ನು ಕಾಣುವದಕ್ಕೆ ಮೊದಲು ಈ ಸೀಮೆಯ ಒಕ್ಕಲಿಗನು ಜೋಳವನ್ನು ಹಗೇವಿನಲ್ಲಿ ತುಂಬಿಡುತ್ತಿದ್ದನು. ನೆಲದಲ್ಲಿ ಆಳವಾಗಿ ತೋಡಿದ ಗುಳಿಗೆ ಹುಲ್ಲು ಹಾಸಿ, ಕಾಳು ಸುರಿದು, ಬಾಯಿಗೆ ಚಪ್ಪಡಿಯಿಟ್ಟು ಮಣ್ಣು ಮೆತ್ತಿದನೆಂದರೆ, ಮುಂದಿನ ವರುಷ ಮಳೆ ಕೈಕೊಟ್ಟರೂ ಮನೆ ನಡೆಯುವದೆಂಬ ಧೈರ್ಯ ಅವನಿಗಿರುತ್ತಿತ್ತು. ಆಮೇಲೆ ತುಂಗಭದ್ರೆಗೆ ಕಟ್ಟೆ ಬಂದಿತು. 1945ರಲ್ಲಿ ಅಡಿಗಲ್ಲು ಬಿದ್ದು, 1953ರಿಂದ ನೀರು ಹರಿಯತೊಡಗಿದ ಮೇಲೆ ಗಂಗಾವತಿ, ಕಾರಟಗಿ, ಸಿದ್ದಾಪುರಗಳ ಎರೆಭೂಮಿ ಭತ್ತದ ನಾಡಾಯಿತು. ಹಗೇವು ಕಾಳನ್ನು ಕಾಯ್ದಿತು, ಕಟ್ಟೆ ನೀರನ್ನು ಕಾಯ್ದಿತು. ದೊರೆತದ್ದನ್ನು ಕೂಡಿಟ್ಟು ಬೇಕಾದಾಗ ತೆಗೆದುಕೊಳ್ಳುವ ಬುದ್ಧಿಯೇ ಒಕ್ಕಲುತನದ ಮೊದಲ ಪಾಠವೆಂದರೆ ತಪ್ಪಾಗಲಾರದು.

ಆದರೆ ಇಂದು ನಮ್ಮ ಬಾಳುವೆ ಯಾವದರ ಮೇಲೆ ನಿಂತಿದೆಯೋ ಆ ವಿದ್ಯುಚ್ಛಕ್ತಿಗೆ ಹಗೇವು ಎಲ್ಲಿ? ಕುಷ್ಟಗಿ, ಯಲಬುರ್ಗಾಗಳ ಬಯಲಿನಲ್ಲಿ ಗಾಳಿಯಂತ್ರಗಳು ಎದ್ದು ನಿಂತಿವೆ; ಮುಂಗಾರಿನ ಗಾಳಿಗೆ ಅವು ಹಗಲಿರುಳೆನ್ನದೆ ತಿರುಗುವವು, ಗಾಳಿ ತಗ್ಗಿದಾಗ ತೆಪ್ಪಗೆ ನಿಲ್ಲುವವು. ತುಮಕೂರು ಜಿಲ್ಲೆಯ ಪಾವಗಡದಲ್ಲಿ 2,050 ಮೆಗಾವ್ಯಾಟಿನ ಸೂರ್ಯಶಕ್ತಿಯ ಬಯಲಿದೆ. ಹೊತ್ತು ಮುಳುಗಿದರೆ ಅದರ ಕೆಲಸವೂ ಮುಗಿಯಿತು. ಇತ್ತ ಸಿದ್ದಾಪುರದ ಕಡೆಯ ರೈತನೋ, ಮೂರು ಫೇಸಿನ ಕರೆಂಟು ಯಾವ ಪಾಳಿಯಲ್ಲಿ ಬರುವದೋ ಆ ಪಾಳಿಗೆ ತನ್ನ ನಿದ್ದೆಯನ್ನು ಹೊಂದಿಸಿಕೊಳ್ಳಬೇಕು. ರಾತ್ರಿಯ ಪಾಳಿ ಬಂದರೆ ಬ್ಯಾಟರಿದೀಪವನ್ನು ಕೈಯಲ್ಲಿ ಹಿಡಿದು, ಹಾವು ಚೇಳುಗಳ ನಡುವೆ, ಬದುವಿನ ಮೇಲೆ ಕಾಲು ತಡವರಿಸುತ್ತ ಮೋಟಾರಿನ ಬಳಿಗೆ ಹೋಗಬೇಕು. ಹಗಲಿನ ಬಿಸಿಲು ಉರಿದು ವ್ಯರ್ಥವಾಗುವದು, ರಾತ್ರಿಯ ಕತ್ತಲೆಯಲ್ಲಿ ಮನುಷ್ಯನು ನೀರು ಕಟ್ಟುವನು. ಶಕ್ತಿಯನ್ನು ಕೂಡಿಡಲಾರದ ವ್ಯವಸ್ಥೆಯ ದಂಡವನ್ನು ತೆರುತ್ತಿರುವವನು ಕೊನೆಗೆ ಈ ಬಡವನೇ.

ಬ್ಯಾಟರಿಗಳಿಲ್ಲವೇ ಎಂದು ಯಾರಾದರೂ ಕೇಳಬಹುದು. ಇವೆ. ಆದರೆ ಇಂದಿನ ಉತ್ತಮ ಬ್ಯಾಟರಿಗಳು ಹೆಚ್ಚಾಗಿ ಲಿಥಿಯಮ್ ಎಂಬ ಹಗುರ ಲೋಹವನ್ನೂ ಗ್ರಾಫೈಟ್ ಎಂಬ ಇಂಗಾಲವನ್ನೂ ಆಶ್ರಯಿಸಿವೆ. ಇವೆರಡಕ್ಕೂ ನಮ್ಮ ದೇಶವು ಪರರ ಬಾಗಿಲನ್ನು ಕಾಯಬೇಕಾಗಿದೆ. ಮಂಡ್ಯ ಜಿಲ್ಲೆಯ ಮರ್ಲಗಲ್ಲ–ಅಲ್ಲಾಪಟ್ಟಣ ಪ್ರದೇಶದಲ್ಲಿ ಸುಮಾರು 1,600 ಟನ್ ಲಿಥಿಯಮ್ ಇರಬಹುದೆಂದು ಪರಮಾಣು ಖನಿಜ ನಿರ್ದೇಶನಾಲಯವು ಅಂದಾಜು ಮಾಡಿದೆ. ಅಂದಾಜೆಂಬದು ಇನ್ನೂ ಗಣಿಯಲ್ಲ, ಗಣಿಯೆಂಬದು ಇನ್ನೂ ಬ್ಯಾಟರಿಯಲ್ಲ. ಆದರೆ ಕಬ್ಬಿಣವೋ? ಹೊಳೆಯ ಆಚೆಯ ದಂಡೆಯಲ್ಲಿ ಸಂಡೂರು, ಹೊಸಪೇಟೆಗಳ ಗುಡ್ಡಗಳೇ ಕಬ್ಬಿಣದವು. ಈಚೆಗೆ ನಮ್ಮ ಕೊಪ್ಪಳದ ಗಿಣಿಗೇರಿ, ಬೇವಿನಹಳ್ಳಿಗಳಲ್ಲಿ ಕುಲುಮೆಗಳು ಉರಿಯುತ್ತಿವೆ. ಈ ಅದಿರು ಎಷ್ಟೋ ವರುಷ ಲಾರಿ ಲಾರಿಯಾಗಿ ಬಂದರಿಗೆ ಸಾಗಿ ಹಡಗನ್ನೇರಿತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿ ಜಿಲ್ಲೆಯ ಗಣಿಗಳನ್ನು ನಿಲ್ಲಿಸುವವರೆಗೆ ನಮ್ಮವರಿಗೆ ಉಳಿದದ್ದು ಕೆಂಧೂಳಿ ಮಾತ್ರ. ಅದೇ ಕಬ್ಬಿಣದಿಂದ ವಿದ್ಯುತ್ತಿಗೆ ಹಗೇವು ಕಟ್ಟಲು ಬರುವದೇ? ಈ ಪ್ರಶ್ನೆಗೆ ಲೋಕದ ಶಾಸ್ತ್ರಜ್ಞರು ವಿಚಿತ್ರವಾದ ಒಂದು ಕಡೆಯಲ್ಲಿ ಉತ್ತರವನ್ನು ಅರಸುತ್ತಿದ್ದಾರೆ. ಅದು ಕೆಸರಿನಲ್ಲಿ, ಕೆಸರಿನಲ್ಲಿ ಬಾಳುವ, ಕಣ್ಣಿಗೆ ಕಾಣದ ಜೀವಿಗಳಲ್ಲಿ.

ಇಟಲಿಯ ಪಾವಿಯಾ ನಗರದಲ್ಲಿ 1963ರಲ್ಲಿ ಸಾಲ್ವತೋರೆ ಬೆಲ್ಲೀನಿ ಎಂಬ ವೈದ್ಯರು ಕೊಳದ ನೀರನ್ನು ಸೂಕ್ಷ್ಮದರ್ಶಕದಲ್ಲಿ ನೋಡುತ್ತಿರುವಾಗ ಕೆಲವು ಸೂಕ್ಷ್ಮಜೀವಿಗಳು ಒಂದೇ ದಿಕ್ಕಿಗೆ, ಉತ್ತರಕ್ಕೆ, ಈಜುವದನ್ನು ಕಂಡರು. ಅವರ ಬರಹವು ಬಹುಕಾಲ ಮರೆಯಲ್ಲಿಯೇ ಉಳಿಯಿತು. 1975ರಲ್ಲಿ ಅಮೇರಿಕೆಯ ರಿಚರ್ಡ್ ಬ್ಲೇಕ್‌ಮೋರ್ ಎಂಬವರು ತಾವಾಗಿಯೇ ಇದನ್ನು ಮತ್ತೆ ಕಂಡು ಜಗತ್ತಿಗೆ ಸಾರಿದರು. ಈ ಜೀವಿಗಳ ಒಡಲಿನೊಳಗೆ ಮ್ಯಾಗ್ನಟೈಟ್, ಅಂದರೆ ನಮ್ಮ ಹಳೆಯ ಸೂಜಿಗಲ್ಲಿನ ಕಣಗಳು ಮಣಿಸರದಂತೆ ಸಾಲಾಗಿ ಪೋಣಿಸಿಕೊಂಡಿರುವವು. ಒಂದೊಂದು ಕಣದ ಅಗಲ ಸುಮಾರು 35ರಿಂದ 120 ನ್ಯಾನೋಮೀಟರು. ತಲೆಗೂದಲಿನ ದಪ್ಪದಲ್ಲಿ ಇಂಥ ಕಣಗಳನ್ನು ಸಾವಿರದ ಲೆಕ್ಕದಲ್ಲಿ ಅಡ್ಡಲಾಗಿ ಜೋಡಿಸಬಹುದು. ಪ್ರತಿಯೊಂದು ಕಣಕ್ಕೂ ತೆಳ್ಳನೆಯ ಒಂದು ಪೊರೆಯುಂಟು. ನೀರಿನಲ್ಲಿ ಕರಗಿದ ಕಬ್ಬಿಣವನ್ನು ಜೀವಿಯು ಆ ಪೊರೆಯ ಚೀಲದೊಳಕ್ಕೆ ಎಳೆದುಕೊಂಡು, ಅಳತೆ ತಪ್ಪದಂತೆ ಹರಳುಗಟ್ಟಿಸುವದು. ಈ ದಿಕ್ಸೂಚಿಯ ಬಲದಿಂದ ಅದು ಮೇಲೆ ಕೆಳಗೆಂಬದನ್ನು ತಿಳಿದು, ತನಗೆ ಹಿತವಾದಷ್ಟು ಮಾತ್ರ ಆಮ್ಲಜನಕವಿರುವ ಕೆಸರಿನ ಪದರವನ್ನು ಸೇರಿಕೊಳ್ಳುವದು. ನಾವು ಕುಲುಮೆಯಲ್ಲಿ ಸಾವಿರ ಡಿಗ್ರಿಯ ಉರಿಯಿಟ್ಟು ಕಬ್ಬಿಣವನ್ನು ಪಳಗಿಸುತ್ತೇವೆ. ಈ ಜೀವಿಯೋ ಕೊಳದ ತಣ್ಣೀರಿನಲ್ಲಿಯೇ ತನ್ನ ಕಮ್ಮಾರಿಕೆಯನ್ನು ಮುಗಿಸುವದು.

ಇನ್ನೊಂದು ಬಗೆಯ ಜೀವಿಗಳಿವೆ. ಅವು ಸೂಜಿಗಲ್ಲನ್ನು ಒಡಲಿನಲ್ಲಿಟ್ಟುಕೊಳ್ಳುವದಿಲ್ಲ, ಹೊರಗೆ ಚೆಲ್ಲುವವು. 1987ರಲ್ಲಿ ಡೆರೆಕ್ ಲವ್ಲಿ ಮತ್ತು ಅವರ ಸಂಗಡಿಗರು ಅಮೇರಿಕೆಯ ಪೊಟೊಮ್ಯಾಕ್ ನದಿಯ ಕೆಸರಿನಿಂದ ಇಂಥದೊಂದನ್ನು ಹಿಡಿದು ತಂದರು. ಅದಕ್ಕೆ ಮುಂದೆ ಜಿಯೋಬ್ಯಾಕ್ಟರ್ ಎಂದು ಹೆಸರಾಯಿತು. ನಾವು ಆಮ್ಲಜನಕವನ್ನು ಉಸಿರಾಡುವಂತೆ ಅದು ಕಬ್ಬಿಣದ ತುಕ್ಕನ್ನು ಉಸಿರಾಡುವದು. ತಿಂದ ಆಹಾರದಿಂದ ಬಿಡುಗಡೆಯಾದ ವಿದ್ಯುತ್ಕಣಗಳನ್ನು ತುಕ್ಕಿಗೆ ಒಪ್ಪಿಸುವದು. ಹಾಗೆ ಒಪ್ಪಿಸಿಕೊಂಡ ತುಕ್ಕು ಕರಿಯ ಸೂಜಿಗಲ್ಲಾಗಿ ಮಾರ್ಪಡುವದು. ಒಡಲಿನಲ್ಲಿ ಸೂಜಿಗಲ್ಲನ್ನು ಹೊತ್ತ ಜೀವಿಗಳಿಗಿಂತ ಇದು ತನ್ನ ತೂಕಕ್ಕೆ ಸಾವಿರಾರು ಪಟ್ಟು ಹೆಚ್ಚು ಸೂಜಿಗಲ್ಲನ್ನು ಮಾಡಬಲ್ಲದು.

ಇಲ್ಲಿ ಸಿದ್ದಾಪುರದ ಓದುಗರು ಕಿವಿ ನಿಮಿರಿಸಬೇಕು. ಭತ್ತದ ಗದ್ದೆಗೆ ನೀರು ನಿಲ್ಲಿಸಿದ ಕೆಲವೇ ದಿನಗಳಲ್ಲಿ ಮಣ್ಣಿನೊಳಗಿನ ಆಮ್ಲಜನಕವು ತೀರಿಹೋಗುವದು. ಆಗ ಮಣ್ಣಿನ ಜೀವಿಗಳು ಮೊದಲು ನೈಟ್ರೇಟನ್ನು, ಬಳಿಕ ಮ್ಯಾಂಗನೀಸನ್ನು, ಬಳಿಕ ಕಬ್ಬಿಣವನ್ನು ಉಸಿರಿಗಾಗಿ ಬಳಸುವವು. ಅದೂ ತೀರಿದ ಮೇಲೆ ಗಂಧಕದ ಸರದಿ, ಕಟ್ಟಕಡೆಗೆ ಮೀಥೇನ್ ಅನಿಲದ ಸರದಿ. ಕೆಸರಿನ ಬಣ್ಣ ಬೂದುನೀಲಿಗೆ ತಿರುಗುವದೂ, ಕಿತ್ತ ಭತ್ತದ ಬೇರಿನ ಮೇಲೆ ಕೆಂಪು ತುಕ್ಕಿನ ಲೇಪ ಕಾಣುವದೂ ಇದೇ ವ್ಯವಹಾರದ ಗುರುತುಗಳು. ಬೇರು ಎಲೆಯ ಕಡೆಯಿಂದ ತಂದ ಆಮ್ಲಜನಕವನ್ನು ಸುತ್ತಲಿನ ಕೆಸರಿಗೆ ಸೂಸುವದರಿಂದ ಕರಗಿದ ಕಬ್ಬಿಣವು ಅಲ್ಲಿ ಮತ್ತೆ ತುಕ್ಕಾಗುವದು. ಬಸಿಗಾಲುವೆಯಲ್ಲಿ ಕಿತ್ತಳೆ ಬಣ್ಣದ ಲೋಳೆ ಕಟ್ಟಿದ್ದನ್ನು ನಮ್ಮ ರೈತರು ಕಂಡಿರಬಹುದು. ಅನೇಕ ವೇಳೆ ಅದು ಕಬ್ಬಿಣವನ್ನು ಉಂಡು ಬಾಳುವ ಸೂಕ್ಷ್ಮಜೀವಿಗಳದೇ ಮನೆ. ಜಗತ್ತಿನ ಭತ್ತದ ಗದ್ದೆಗಳ ಕೆಸರಿನಲ್ಲಿ ಜಿಯೋಬ್ಯಾಕ್ಟರಿನ ಬಳಗವು ಸಾಮಾನ್ಯವೆಂದು ಶಾಸ್ತ್ರಜ್ಞರು ಹೇಳುತ್ತಾರೆ. ನಾವು ದಿನವೂ ಮೊಣಕಾಲುದ್ದ ಇಳಿದು ನಾಟಿ ಹಚ್ಚುವ ಕೆಸರು ಒಂದು ದೊಡ್ಡ ರಸಾಯನಶಾಲೆಯೆಂಬದು ಹೆಮ್ಮೆಯ ಮಾತಲ್ಲದೆ ಮತ್ತೇನು?

2015ರಲ್ಲಿ ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯದಲ್ಲಿ ಜೇಮ್ಸ್ ಬರ್ನ್, ಆಂಡ್ರಿಯಾಸ್ ಕ್ಯಾಪ್ಲರ್ ಮೊದಲಾದವರು ನಡೆಸಿದ ಪ್ರಯೋಗವು ಈ ಕತೆಯ ತಿರುಳು. ಅವರು ಸೂಜಿಗಲ್ಲಿನ ಸೂಕ್ಷ್ಮ ಕಣಗಳನ್ನು ಎರಡು ಬಗೆಯ ಜೀವಿಗಳ ನಡುವೆ ಇಟ್ಟರು. ಬೆಳಕಿದ್ದಾಗ ಒಂದು ಜೀವಿಯು ಕಣದಿಂದ ವಿದ್ಯುತ್ಕಣಗಳನ್ನು ಕಡ ತೆಗೆದುಕೊಂಡಿತು. ಕತ್ತಲೆಯಾದಾಗ ಜಿಯೋಬ್ಯಾಕ್ಟರು ಅಸಿಟೇಟನ್ನು ಉಂಡು ಆ ಕಡವನ್ನು ಕಣಕ್ಕೆ ಮರಳಿ ತುಂಬಿಕೊಟ್ಟಿತು. ಹಗಲು ಖಾಲಿ, ಇರುಳು ಭರ್ತಿ. ಮರುದಿನ ಮತ್ತೆ ಅದೇ. ಸೂಜಿಗಲ್ಲು ತಾನು ಕರಗಲಿಲ್ಲ, ಅಳಿಯಲಿಲ್ಲ. ಅದರ ಅಯಸ್ಕಾಂತ ಗುಣವು ಏರಿಳಿಯುವದನ್ನು ಅಳೆದು ಈ ಕೊಡುಕೊಳ್ಳುವಿಕೆಯನ್ನು ಅವರು ಗುರುತಿಸಿದರು. ಬ್ಯಾಟರಿಯೆಂದರೆ ಇದಲ್ಲದೆ ಮತ್ತೇನು? ಮನುಷ್ಯನು ಬ್ಯಾಟರಿಯೆಂಬ ಹೆಸರಿಡುವದಕ್ಕೆ ಎಷ್ಟೋ ಕಾಲ ಮೊದಲೇ ಕೆಸರು ತನ್ನ ಹಗೇವನ್ನು ಕಟ್ಟಿಕೊಂಡಿತ್ತು.

ಈ ಕಣಗಳು ಮನುಷ್ಯನ ಬ್ಯಾಟರಿಗೆ ಹೇಗೆ ಒದಗಬಹುದು? ಇಂದಿನ ಲಿಥಿಯಮ್ ಬ್ಯಾಟರಿಯ ಒಂದು ಧ್ರುವವು ಗ್ರಾಫೈಟಿನದು. ಒಂದು ಗ್ರಾಂ ಗ್ರಾಫೈಟು ಲೆಕ್ಕದ ಪ್ರಕಾರ 372 ಮಿಲಿಆಂಪಿಯರ್-ತಾಸಿನಷ್ಟು ವಿದ್ಯುತ್ತನ್ನು ಹಿಡಿಯಬಲ್ಲದು. ಅದೇ ಒಂದು ಗ್ರಾಂ ಸೂಜಿಗಲ್ಲು ಹಿಡಿಯಬಲ್ಲದ್ದು ಸುಮಾರು 926. ಅಂದರೆ ಎರಡೂವರೆ ಪಟ್ಟು. ಹಾಗಿದ್ದರೆ ಜಗತ್ತು ಇದನ್ನೇಕೆ ಇನ್ನೂ ಅಪ್ಪಿಕೊಂಡಿಲ್ಲ? ಏಕೆಂದರೆ ಲಿಥಿಯಮ್ ಒಳಹೊಕ್ಕಾಗ ಸೂಜಿಗಲ್ಲು ಉಬ್ಬುವದು, ಹೊರಬಂದಾಗ ಕುಗ್ಗುವದು. ಹೀಗೆ ಉಬ್ಬಿ ಕುಗ್ಗಿ ಬಿರಿದು ಪುಡಿಯಾಗುವದು, ಹಿಡಿಯುವ ಶಕ್ತಿ ಕುಂದುವದು. ಮೊದಲ ಭರ್ತಿಯಲ್ಲಿ ಹಾಕಿದ್ದರ ಒಂದು ಭಾಗವು ಮರಳಿ ಬರುವದೇ ಇಲ್ಲ. ನಮ್ಮ ತುಂಗಭದ್ರೆಯ ಜಲಾಶಯವೂ ಹೂಳು ತುಂಬಿ, ಮೊದಲು ಸುಮಾರು 133 ಟಿ.ಎಂ.ಸಿ. ಹಿಡಿಯುತ್ತಿದ್ದದ್ದು ಇಂದು 105ರ ಆಸುಪಾಸಿಗೆ ಇಳಿದಿಲ್ಲವೇ? ಕೂಡಿಡುವ ಪ್ರತಿಯೊಂದು ಪಾತ್ರೆಗೂ ಅದರದೇ ಆದ ಹೂಳುಂಟು. ಕಣಗಳು ಅತಿ ಸಣ್ಣವಾಗಿದ್ದು, ನಡುವೆ ಸ್ವಲ್ಪ ತೆರಪಿದ್ದರೆ ಉಬ್ಬುವಿಕೆಯ ಪೆಟ್ಟು ಕಡಿಮೆಯಾಗುವದು. ಸೂಕ್ಷ್ಮಜೀವಿಗಳು ಮಾಡುವ ಸಣ್ಣ ಕಣಗಳ ಮೇಲೆ ಶಾಸ್ತ್ರಜ್ಞರಿಗೆ ಆಸೆ ಹುಟ್ಟಿದ್ದು ಇಲ್ಲಿಯೇ. 2014ರಲ್ಲಿ ಜಪಾನಿನ ಒಕಾಯಾಮಾ ವಿಶ್ವವಿದ್ಯಾಲಯದವರು ಲೆಪ್ಟೋಥ್ರಿಕ್ಸ್ ಎಂಬ ಜೀವಿಯು ನೀರಿನಲ್ಲಿ ಕಟ್ಟುವ ಕಿತ್ತಳೆ ತುಕ್ಕನ್ನೇ ಬ್ಯಾಟರಿಯ ಧ್ರುವವಾಗಿ ಪರೀಕ್ಷಿಸಿ, ಅದು ಈ ಕೆಲಸಕ್ಕೆ ಒದಗಬಲ್ಲದೆಂದು ತೋರಿಸಿದರು. ಅದು ಸೂಜಿಗಲ್ಲಲ್ಲ, ಅದರ ದಾಯಾದಿ. ಆದರೂ ಬಸಿಗಾಲುವೆಯ ಲೋಳೆಯನ್ನು ಕಂಡು ಮೂಗು ಮುಚ್ಚಿಕೊಳ್ಳುವ ನಾವು ಅದನ್ನು ಇನ್ನೊಮ್ಮೆ ನೋಡುವದಕ್ಕೆ ಇಷ್ಟು ಸಾಕು.

ಹೊಗಳಿದ್ದಾಯಿತು, ಇನ್ನು ತಕ್ಕಡಿಯನ್ನು ಹಿಡಿಯೋಣ. ಒಡಲಿನಲ್ಲಿ ಸೂಜಿಗಲ್ಲನ್ನು ಹೊತ್ತ ಜೀವಿಗಳನ್ನು ಸಾಕುವದು ಸುಲಭವಲ್ಲ. ಆಮ್ಲಜನಕ ತುಸು ಹೆಚ್ಚಾದರೂ ಅವು ಕಣ ಕಟ್ಟುವದನ್ನು ಬಿಡುವವು. 2003ರಲ್ಲಿ ಜರ್ಮನಿಯಲ್ಲಿ ಬಹು ಎಚ್ಚರದಿಂದ ಸಾಕಿದಾಗಲೂ ಒಂದು ಲೀಟರಿನಿಂದ ದಿನಕ್ಕೆ ದೊರೆತದ್ದು ಹೆಚ್ಚೆಂದರೆ 6.3 ಮಿಲಿಗ್ರಾಂ. ಈ ಲೆಕ್ಕದಲ್ಲಿ ಒಂದು ದಿನದಲ್ಲಿ ಒಂದು ಕಿಲೋ ಬೇಕಾದರೆ ಸುಮಾರು ಒಂದು ಲಕ್ಷ ಅರವತ್ತು ಸಾವಿರ ಲೀಟರಿನ ತೊಟ್ಟಿ ಬೇಕು. ಆಮೇಲೆ ಇಳುವರಿ ಸುಧಾರಿಸಿದೆ, ನಿಜ. ಆದರೂ ಈ ಕಣಗಳು ಇಂದಿಗೆ ಔಷಧ, ರೋಗಪರೀಕ್ಷೆಗಳಂಥ ಬೆಲೆಯುಳ್ಳ ಕೆಲಸಕ್ಕೆ ಸಲ್ಲುವವೇ ಹೊರತು ಊರಿಗೆ ದೀಪ ಹಚ್ಚುವಷ್ಟಲ್ಲ. ಜಿಯೋಬ್ಯಾಕ್ಟರಿನ ದಾರಿ ಇದಕ್ಕಿಂತ ಅಗಲವಾಗಿದೆ. 2015ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 50 ಲೀಟರಿನ ತೊಟ್ಟಿಯಲ್ಲಿ ಜೀವಿಗಳನ್ನು ಬೆಳೆಸಿ, ತುಕ್ಕಿನೊಡನೆ ಕೂಡಿಸಿದಾಗ 24 ತಾಸಿನೊಳಗೆ ಸೂಜಿಗಲ್ಲು ಸಿದ್ಧವಾಯಿತು; ಆ ಕ್ರಮದಿಂದ 120 ಗ್ರಾಂವರೆಗೆ ಪಡೆಯಬಹುದಾಯಿತು. ಮಿಲಿಗ್ರಾಂ ಎಲ್ಲಿ, ನೂರಿಪ್ಪತ್ತು ಗ್ರಾಂ ಎಲ್ಲಿ! ಆದರೆ ಕಾರಖಾನೆಯ ರಸಾಯನಮಾರ್ಗದಿಂದಲೂ ಸೂಜಿಗಲ್ಲನ್ನು ಅಗ್ಗವಾಗಿ ಮಾಡಲು ಬರುವದೆಂಬದನ್ನು ಮರೆಯಬಾರದು. ಜೀವಿಗಳ ಹೆಚ್ಚಳವೆಂದರೆ ಹದವಾದ ಬಿಸುಪು, ಕಡಿಮೆ ವಿಷದ್ರವ್ಯ, ಹೆಚ್ಚುಕಡಿಮೆ ಒಂದೇ ಅಳತೆಯ ಕಣ. ಈ ಹೆಚ್ಚಳವು ವೆಚ್ಚವನ್ನು ಮೀರಿಸುವದೇ ಎಂಬದು ಇನ್ನೂ ತೀರ್ಮಾನವಾಗಬೇಕಾದ ವ್ಯಾಜ್ಯ.

ಆದಕಾರಣ ನಾಳೆ ಯಾರಾದರೂ ಸಂತೆಗೆ ಬಂದು “ಜೈವಿಕ ಬ್ಯಾಟರಿ ತಂದಿದ್ದೇವೆ, ಮುಂಗಡ ಕೊಡಿರಿ” ಎಂದರೆ ರೈತಬಂಧುಗಳು ಗಂಟನ್ನು ಬಿಚ್ಚಕೂಡದು. ಪಂಪುಸೆಟ್ಟನ್ನು ನಡೆಸುವ ಸೂಕ್ಷ್ಮಜೀವಿಯ ಸೂಜಿಗಲ್ಲಿನ ಬ್ಯಾಟರಿ ಇಂದು ಅಂಗಡಿಯಲ್ಲಿ ದೊರೆಯುವ ವಸ್ತುವಲ್ಲ. ಭತ್ತದ ಗದ್ದೆಯಲ್ಲಿ ತಂತಿಯಿಟ್ಟು ಬೇರಿನ ಸುತ್ತಲಿನ ಜೀವಿಗಳಿಂದ ವಿದ್ಯುತ್ತನ್ನು ಪಡೆದ ಪ್ರಯೋಗಗಳು ಜಪಾನಿನಲ್ಲಿ ನಡೆದದ್ದುಂಟು. ದೊರೆತ ವಿದ್ಯುತ್ತು ಅತ್ಯಲ್ಪ. ಸತ್ಯವನ್ನು ಹೇಳದೆ ಆಸೆಯನ್ನು ಮಾರುವದು ಪತ್ರಿಕೆಯ ಧರ್ಮವಲ್ಲ.

ಹಾಗಾದರೆ ನಮ್ಮ ಸೀಮೆಗೆ ಇದರಿಂದ ಹತ್ತಿರದ ಪ್ರಯೋಜನವೇನೂ ಇಲ್ಲವೇ? ಒಂದಿದೆ, ಅದು ಗೋಬರ್ ಗ್ಯಾಸಿನ ತೊಟ್ಟಿ. 2012ರಲ್ಲಿ ಜಪಾನಿನ ಕಾಟೋ, ಹಾಶಿಮೊಟೊ, ವಾತಾನಾಬೆ ಎಂಬವರು ಭತ್ತದ ಗದ್ದೆಯ ಮಣ್ಣಿನ ಜೀವಿಗಳಿಗೆ ಸೂಜಿಗಲ್ಲಿನ ಪುಡಿಯನ್ನು ಬೆರೆಸಿದಾಗ ಮೀಥೇನ್ ಹುಟ್ಟುವ ವೇಗ ಹೆಚ್ಚಿತೆಂದು ತೋರಿಸಿದರು. ಒಂದು ಜೀವಿಯು ಬಿಟ್ಟ ವಿದ್ಯುತ್ಕಣವು ಕಬ್ಬಿಣದ ಕಣಗಳನ್ನೇ ಸೇತುವೆ ಮಾಡಿಕೊಂಡು ಇನ್ನೊಂದು ಜೀವಿಯನ್ನು ತಲುಪುವದೆಂಬದು ಅವರ ವಿವರಣೆ. ತೊಟ್ಟಿಯಲ್ಲಿ ಕೂಡಿಟ್ಟ ಅನಿಲವೂ ಕೂಡಿಟ್ಟ ಶಕ್ತಿಯೇ. ಬೇಕಾದಾಗ ಒಲೆಯನ್ನೂ ಉರಿಸಬಹುದು, ಎಂಜಿನನ್ನೂ ನಡೆಸಬಹುದು. ಸೆಗಣಿ ನಮ್ಮಲ್ಲಿದೆ, ಭತ್ತದ ಹುಲ್ಲು ನಮ್ಮಲ್ಲಿದೆ, ಕಬ್ಬಿಣದ ಪುಡಿ ಹೊಳೆಯ ಆಚೆಗಿದೆ. ಎಷ್ಟು ಪುಡಿ, ಯಾವ ಸೆಗಣಿಗೆ, ಎಷ್ಟು ಲಾಭ ಎಂಬದನ್ನು ನಮ್ಮ ನೆಲದಲ್ಲಿಯೇ ಪರೀಕ್ಷಿಸಬೇಕು. ಅದೇ ಕ್ರಿಯೆಯು ತೊಟ್ಟಿಯಲ್ಲಿ ವರವಾದರೆ ತೆರೆದ ಗದ್ದೆಯಲ್ಲಿ ಶಾಪವೆಂಬದನ್ನೂ ನೆನೆಯಬೇಕು. ಅಲ್ಲಿಂದ ಏರುವ ಮೀಥೇನು ಭೂಮಿಯ ಕಾವನ್ನು ಹೆಚ್ಚಿಸುವದು.

ಕೆಲವು ಮಹಾಶಯರು ನಗಬಹುದು: “ಕಾಲುವೆಯ ಕೊನೆಯ ಗದ್ದೆಗೆ ನೀರೇ ಮುಟ್ಟದಿರುವಾಗ, ಜವುಳು ಸವುಳಿನಿಂದ ಹೊಲ ಕೆಡುತ್ತಿರುವಾಗ, ಕಾಣದ ಹುಳಗಳ ಪುರಾಣ ಯಾರಿಗೆ ಬೇಕು?” ಪ್ರಶ್ನೆ ನ್ಯಾಯವಾದದ್ದೇ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರೆಯ 19ನೆಯ ಗೇಟು ಸರಪಳಿ ಹರಿದು ಕೊಚ್ಚಿಹೋದಾಗ ಈ ಸೀಮೆಯು ಉಸಿರು ಬಿಗಿಹಿಡಿದು ಕುಳಿತದ್ದನ್ನು ನಾವು ಮರೆತಿಲ್ಲ. ಇದ್ದ ಹಗೇವನ್ನು ಕಾಯಲಾರದವನು ಹೊಸ ಹಗೇವಿನ ಮಾತಾಡಬಾರದೆಂಬದು ಸರಿಯೇ. ಆದರೆ ಜವುಳು ಭೂಮಿಯ ಮಣ್ಣಿನಲ್ಲಿ ನಡೆಯುವದೇನೆಂಬದನ್ನು ತಿಳಿಯುವ ವಿದ್ಯೆಯೂ ಈ ವಿದ್ಯೆಯೂ ಬೇರೆಯಲ್ಲ. ಎರಡಕ್ಕೂ ಅದೇ ಕೆಸರನ್ನೇ ಪರೀಕ್ಷಿಸಬೇಕು. 1902ರಲ್ಲಿ ಶಿವನಸಮುದ್ರದ ಧುಮುಕಿನಿಂದ ಕೋಲಾರದ ಚಿನ್ನದ ಗಣಿಗೆ ತಂತಿಯ ಮೂಲಕ ವಿದ್ಯುತ್ತು ಹೋದಾಗಲೂ, ನೀರಿನಿಂದ ಬೆಂಕಿ ಬರುವದೆಂದು ನಂಬಿದವರು ಎಷ್ಟು ಜನರಿದ್ದಾರು?

ಆಗಬೇಕಾದ ಕೆಲಸ ದೊಡ್ಡದೇನಲ್ಲ. ಗಂಗಾವತಿಯಲ್ಲಿ ಕೃಷಿ ಸಂಶೋಧನಾ ಕೇಂದ್ರವಿದೆ. ಸವುಳು ಮಣ್ಣಿನ ಪರೀಕ್ಷೆಯಲ್ಲಿ ಅದು ಪಳಗಿದೆ. ಅದರ ಮೇಲೆ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವಿದೆ. ಸಿದ್ದಾಪುರ, ಕಾರಟಗಿಗಳ ಗದ್ದೆಯ ಕೆಸರಿನಲ್ಲಿ ಯಾವ ಯಾವ ಕಬ್ಬಿಣಜೀವಿಗಳಿವೆ, ನೀರು ನಿಂತಾಗ ಏನು ಮಾಡುವವು, ಬಸಿದಾಗ ಏನು ಮಾಡುವವು ಎಂಬದರ ಒಂದು ಪಟ್ಟಿಯನ್ನು ಇವರು ಮಾಡಿಸಬೇಕು. ಗಣಿ ಮತ್ತು ಕುಲುಮೆಗಳ ಲಾಭದ ಒಂದು ಚಿಕ್ಕ ಪಾಲು ಇಂಥ ವಿದ್ಯೆಗೆ ಬಂದರೆ ನೆಲದ ಋಣ ಸ್ವಲ್ಪವಾದರೂ ತೀರೀತು. ಇನ್ನು ಶಾಲೆಯ ಗುರುಗಳಿಗೆ ಒಂದು ಮಾತು. ಕೆರೆಯ ಇಲ್ಲವೆ ಗದ್ದೆಯ ಕೆಸರನ್ನು ನೀರಿನೊಡನೆ ಗಾಜಿನ ಭರಣಿಯಲ್ಲಿ ಹಾಕಿ, ಬಾಯನ್ನು ಸಡಿಲವಾಗಿ ಮುಚ್ಚಿ, ಮಂದ ಬೆಳಕಿನಲ್ಲಿ ಕೆಲವು ವಾರ ಬಿಡಿರಿ. ಬಳಿಕ ಕೆಸರಿನ ತುಸು ಮೇಲೆ, ಹೊರಗಡೆಯಿಂದ, ಅಯಸ್ಕಾಂತದ ದಕ್ಷಿಣ ಧ್ರುವವನ್ನು ಒಂದೆರಡು ತಾಸು ಆನಿಸಿಡಿರಿ. ಅಲ್ಲಿಂದ ತೆಗೆದ ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಅಯಸ್ಕಾಂತವನ್ನು ತಿರುಗಿಸಿದಂತೆಲ್ಲ ತಾವೂ ತಿರುಗುವ ಜೀವಿಗಳು ಕಂಡರೂ ಕಾಣಬಹುದು. ಕಾಣದಿದ್ದರೆ ಬೇರೆ ಕೆಸರನ್ನು ತಂದು ನೋಡಬೇಕು. ಹೀಗೆ ನೋಡಿದ ಹುಡುಗನೊಬ್ಬನು, ಹುಡುಗಿಯೊಬ್ಬಳು ಮುಂದೆ ಏನಾಗುವರೋ ಬಲ್ಲವರಾರು?

ನಾವು ಅದಿರನ್ನು ಕೊಟ್ಟು ಉಕ್ಕನ್ನು ಕೊಂಡದ್ದಾಯಿತು. ನಾಳೆ ಕೆಸರಿನ ವಿದ್ಯೆಯನ್ನೂ ಪರರಿಂದ ಕೊಳ್ಳುವ ಗತಿ ಬರಬಾರದು. ಇಟಲಿಯ ಕೊಳದಲ್ಲಿ, ಪೊಟೊಮ್ಯಾಕಿನ ತಳದಲ್ಲಿ, ಜಪಾನಿನ ಗದ್ದೆಯಲ್ಲಿ ಕಂಡದ್ದು ನಮ್ಮ ಎರೆಭೂಮಿಯಲ್ಲಿ ಕಾಣದೆಂಬ ನಿಯಮವೇನೂ ಇಲ್ಲ. ನೋಡುವ ಕಣ್ಣು ಬೇಕು, ನೋಡಗೊಡುವ ಸರಕಾರ ಬೇಕು. ಸಿದ್ದಾಪುರದ ರೈತನು ಹಗಲು ಹೊತ್ತಿನಲ್ಲಿ ನೀರು ಕಟ್ಟಿ, ಕತ್ತಲಾದ ಮೇಲೆ ಮಕ್ಕಳ ನಡುವೆ ಮಲಗುವಂಥ ದಿನವನ್ನು ತರುವ ಹಗೇವು ಯಾವದೇ ಆಗಲಿ, ಅದರ ಬೀಗದ ಕೈ ನಮ್ಮವರಲ್ಲಿಯೂ ಇರಲಿ.